ಕರಾವಳಿಯ ಸಿನಿಮಾಗಳಿಗೆ ವಿಮರ್ಶಕರು ನಾವೇ ಸೇರಿ ಪ್ರಶಸ್ತಿ ಕೊಡಬಹುದಾ? ಹೇಗೆ ಶುರು ಮಾಡುವುದು?

ಸಂತೆಕಟ್ಟೆ ಟಾಕೀಸು, ಉಡುಪಿ

ಎಲ್ಲರಿಗೂ ನಮಸ್ಕಾರ. ಬರೆದದ್ದು ಸ್ವಲ್ಪ ಉದ್ದ ಉಂಟು, ದಯಮಾಡಿ ಪೂರ್ತಿ ಓದಿ.

ಹಗಲು ನಾನು ಒಂದು ಸಹಕಾರಿ ಸಂಘದ ಕ್ಯಾಶ್ ಕೌಂಟರಿನಲ್ಲಿ ಕೂರುವವಳು. 11 ವರ್ಷದಿಂದ ಒಂದು ವಾರಪತ್ರಿಕೆಗೆ ಸಿನಿಮಾ ವಿಮರ್ಶೆ ಬರೆಯುತ್ತಿದ್ದೇನೆ. ತುಳು ಸಿನಿಮಾ ಬಂದರೆ ಮೊದಲ ಶುಕ್ರವಾರ ಸಂಜೆಯೇ ನೋಡುತ್ತೇನೆ. ಉಡುಪಿಯಲ್ಲಿ ಇಲ್ಲದಿದ್ದರೆ ಮಂಗಳೂರಿನ ಎಕ್ಸ್‌ಪ್ರೆಸ್ ಬಸ್ ಹತ್ತುತ್ತೇನೆ. ಟಿಕೆಟಿಗೂ ಬಸ್ಸಿಗೂ ನನ್ನದೇ ದುಡ್ಡು. ನೋಡಿದ ಸಿನಿಮಾದ ಟಿಕೆಟ್ ತುಂಡುಗಳನ್ನೆಲ್ಲ ಒಂದು ಬಿಸ್ಕೆಟಿನ ತಗಡು ಡಬ್ಬದಲ್ಲಿ ಹಾಕಿಟ್ಟಿದ್ದೇನೆ. ಹಿಂದೆ ತಾರೀಕು, ಯಾವ ಥಿಯೇಟರು, ಎಷ್ಟು ಜನ ಇದ್ದರು ಅಂತ ಪೆನ್ಸಿಲಿನಲ್ಲಿ ಬರೆದಿರುತ್ತೇನೆ.

ನನ್ನ ಹಾಗೆ ಬರೆಯುವವರು, ಯೂಟ್ಯೂಬಿನಲ್ಲಿ ಮಾತಾಡುವವರು, ಸಮುದಾಯ ರೇಡಿಯೋದಲ್ಲಿ ಕಾರ್ಯಕ್ರಮ ಮಾಡುವವರು ಎಲ್ಲ ಸೇರಿದರೆ ಉಡುಪಿ, ಮಂಗಳೂರು, ಕುಂದಾಪುರದಲ್ಲಿ ಒಂಬತ್ತು ಜನ ಆಗುತ್ತೇವೆ. ನಾವು ಒಂದು ಕೂಟ ಮಾಡಿಕೊಂಡು ವರ್ಷಕ್ಕೊಮ್ಮೆ ಪ್ರಶಸ್ತಿ ಕೊಟ್ಟರೆ ಹೇಗೆ? ಇದೇ ನನ್ನ ಪ್ರಶ್ನೆ. ಯಾಕೆ ಕೇಳುತ್ತಿದ್ದೇನೆ ಅಂತ ಹೇಳುತ್ತೇನೆ.

ಎರಡು ವರ್ಷದ ಹಿಂದೆ ಒಂದು ಸಣ್ಣ ತುಳು ಸಿನಿಮಾ ಬಂದಿತ್ತು. ಅದರಲ್ಲಿ ಒಬ್ಬ ಹಿರಿಯ ರಂಗಕಲಾವಿದೆ ತಾಯಿಯ ಪಾತ್ರ ಮಾಡಿದ್ದರು. ಎರಡೇ ದೃಶ್ಯ. ಜಗಲಿಯಲ್ಲಿ ಕೂತು ಮಡಿಲಲ್ಲಿ ತಡ್ಪೆ (ಮೊರ) ಇಟ್ಟುಕೊಂಡು ಬೀಡಿ ಕಟ್ಟುತ್ತಿರುತ್ತಾರೆ. ಮಗ ಬಂದು ದುಬೈಗೆ ವೀಸಾ ಆಯಿತು ಅನ್ನುತ್ತಾನೆ. ಆಕೆ ತಲೆ ಎತ್ತುವುದಿಲ್ಲ. ಕೈ ನಿಲ್ಲುವುದೂ ಇಲ್ಲ. ಬೆರಳಿನಲ್ಲಿದ್ದ ಎಲೆ ಮಾತ್ರ ಹರಿದುಹೋಗುತ್ತದೆ. ಹರಿದ ಎಲೆಯನ್ನು ಪಕ್ಕಕ್ಕೆ ಇಟ್ಟು ಇನ್ನೊಂದು ಎಲೆ ತೆಗೆದುಕೊಳ್ಳುತ್ತಾರೆ. ನನ್ನ ಅಮ್ಮ 30 ವರ್ಷ ಬೀಡಿ ಕಟ್ಟಿದವರು. ಥಿಯೇಟರಿನಲ್ಲಿ ನನ್ನ ಕಣ್ಣು ತುಂಬಿ ಬಂತು.

ಸಿನಿಮಾ 12 ದಿನಕ್ಕೆ ಹೋಯಿತು. ಆ ಎರಡು ದೃಶ್ಯದ ಬಗ್ಗೆ ನನ್ನ ವಿಮರ್ಶೆಯ ನಾಲ್ಕು ಸಾಲು ಬಿಟ್ಟರೆ ಎಲ್ಲೂ ಒಂದು ದಾಖಲೆ ಇಲ್ಲ.

1971ರಲ್ಲಿ ‘ಎನ್ನ ತಂಗಡಿ’ ಬಂದಾಗಿನಿಂದ ಲೆಕ್ಕ ಹಾಕಿದರೆ ತುಳು ಸಿನಿಮಾಕ್ಕೆ ಅರ್ಧ ಶತಮಾನ ದಾಟಿತು. 2011ರಲ್ಲಿ ‘ಒರಿಯರ್ದೊರಿ ಅಸಲ್’ ಗೆದ್ದ ಮೇಲೆ ಸಿನಿಮಾಗಳು ಸಾಲಾಗಿ ಬರತೊಡಗಿದವು. ರಾಷ್ಟ್ರಪ್ರಶಸ್ತಿಯಲ್ಲಿಯೂ ನಮಗೆ ಜಾಗ ಉಂಟು. ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ ಇಲ್ಲದ ಭಾಷೆಗಳ ಸಾಲಿನಲ್ಲಿ ‘ಮದಿಪು’, ‘ಪಡ್ಡಾಯಿ’, ‘ಪಿಂಗಾರ’, ‘ಜೀಟಿಗೆ’ ಎಲ್ಲ ಗೆದ್ದಿವೆ. ತುಂಬಾ ಹೆಮ್ಮೆ. ಆದರೆ ಅಲ್ಲಿ ಇಡೀ ಸಿನಿಮಾಕ್ಕೆ ಒಂದು ಪ್ರಶಸ್ತಿ ಬರುತ್ತದೆ. ಬೀಡಿ ಕಟ್ಟಿದ ಆ ಕೈಯನ್ನು ದೆಹಲಿಯವರು ನೋಡಬೇಕು ಅನ್ನುವುದು ಜಾಸ್ತಿ ಆಯಿತು. ಅದು ನಮ್ಮ ಕೆಲಸ ಅಲ್ವಾ?

ಇನ್ನೊಂದು ವಿಷಯ. ಇದನ್ನು ಹೇಳದೆ ಪ್ರಶ್ನೆ ಕೇಳುವುದು ಸರಿಯಲ್ಲ. ಕೆಲವು ವರ್ಷದ ಹಿಂದೆ ಒಂದು ಪ್ರಶಸ್ತಿ ಸಮಾರಂಭಕ್ಕೆ ನನ್ನನ್ನು ತೀರ್ಪುಗಾರಳಾಗಿ ಕರೆದಿದ್ದರು. ಯಾರು ಅಂತ ಹೇಳುವುದಿಲ್ಲ, ಊಹಿಸುವುದೂ ಬೇಡ. ಆರು ಸಿನಿಮಾ ಇತ್ತು, ನೋಡಲು ಕೊಟ್ಟದ್ದು ಎರಡು. ಉಳಿದದ್ದರ ಬಗ್ಗೆ ಕೇಳಿದರೆ ಕಳಿಸುತ್ತೇವೆ ಅಂದರು, ಕಳಿಸಲಿಲ್ಲ. ಕಾರ್ಯಕ್ರಮದ ದಿನ ಮಧ್ಯಾಹ್ನ ಹೋದೆ. ಸ್ಟೇಜಿನ ಹಿಂದೆ ಸ್ಮರಣಿಕೆಗಳು ಸಾಲಾಗಿ ಇದ್ದವು. ಎಲ್ಲದರ ಮೇಲೂ ಹೆಸರು ಕೆತ್ತಿಸಿ ಆಗಿತ್ತು. ಆಮೇಲೆ ನನ್ನ ಕೈಗೆ ಒಂದು ಹಾಳೆ ಬಂತು. ನಾನು ಸಹಿ ಹಾಕಿದೆ. ಯಾರೂ ಒತ್ತಾಯ ಮಾಡಲಿಲ್ಲ. ಬೇಡ ಅನ್ನುವ ಧೈರ್ಯ ಆ ಹೊತ್ತಿಗೆ ಬರಲಿಲ್ಲ. ಇವತ್ತಿಗೂ ಅದು ನನ್ನನ್ನು ಕೊರೆಯುತ್ತದೆ.

ಹಾಗಾಗಿ ಮಾಡಿದರೆ ಸರಿಯಾಗಿ ಮಾಡಬೇಕು. ಯಾರನ್ನು ಸದಸ್ಯರು ಅಂತ ತೆಗೆದುಕೊಳ್ಳುವುದು? ಮತ ಹಾಕುವುದು ಹೇಗೆ? ದುಡ್ಡು ಎಲ್ಲಿಂದ? ವರ್ಷಕ್ಕೆ ಏಳೆಂಟೇ ಸಿನಿಮಾ ಬಂದರೆ ಎಷ್ಟು ಪ್ರಶಸ್ತಿ ಇಡುವುದು? ಅನುಭವ ಇದ್ದವರು ಹೇಳಿ.

ಹಂಪನಕಟ್ಟೆ ಹಳೇ ಡೆಸ್ಕು, ಮಂಗಳೂರು

ತಂಗೀ, ಸಹಿ ಹಾಕಿದ ವಿಷಯ ಬರೆದೆಯಲ್ಲ, ಅದು ದೊಡ್ಡದು. ನಿನ್ನ ಕೂಟದ ಮೊದಲ ನಿಯಮ ಅದರಲ್ಲೇ ಸಿಕ್ಕಿತು: ನೋಡದವರಿಗೆ ಮತ ಇಲ್ಲ. ಬೇರೆ ಎಲ್ಲ ಆಮೇಲೆ.

ನನಗೆ 68. ಪತ್ರಿಕೆಯ ಡೆಸ್ಕಿನಲ್ಲಿ 34 ವರ್ಷ ಕೂತೆ, ಸಿನಿಮಾ ಪುಟ ನೋಡಿದ್ದು ಅದರಲ್ಲಿ 20. ಜ್ಯೋತಿ ಟಾಕೀಸು ಈಗ ಇಲ್ಲ. ಸಿಟಿ ಬಸ್ಸಿನ ಕಂಡಕ್ಟರ್ ಇವತ್ತಿಗೂ ‘ಜ್ಯೋತಿ, ಜ್ಯೋತಿ’ ಅಂತಲೇ ಕೂಗುತ್ತಾನೆ. ಥಿಯೇಟರಿನ ಹೆಸರಾದರೂ ಉಳಿಯಿತು. ಅಲ್ಲಿ ಓಡಿದ ಸಿನಿಮಾಗಳ ಬಗ್ಗೆ ನಾವು ಆಗ ಬರೆದದ್ದರಲ್ಲಿ ಎಷ್ಟು ಉಳಿದಿದೆ ಅಂತ ನೆನೆದರೆ ಸಂಕಟ ಆಗುತ್ತದೆ.

ವಿಮರ್ಶಕರು ಸೇರಿ ಪ್ರಶಸ್ತಿ ಕೊಡುವುದು ನಮ್ಮ ದೇಶಕ್ಕೆ ಹೊಸತಲ್ಲ. ಬಂಗಾಳದ ಸಿನಿಮಾ ಪತ್ರಕರ್ತರ ಸಂಘ ಹುಟ್ಟಿದ್ದು 1937ರಲ್ಲಿ. ಆಗ ಸ್ವಾತಂತ್ರ್ಯವೇ ಬಂದಿರಲಿಲ್ಲ. ಪಕ್ಕದ ಕೇರಳದಲ್ಲಿ ವಿಮರ್ಶಕರ ಸಂಘದ ಪ್ರಶಸ್ತಿ 1977ರಿಂದ ಇದೆ. ಕನ್ನಡದಲ್ಲಿ ಚಂದನವನ ಫಿಲ್ಮ್ ಕ್ರಿಟಿಕ್ಸ್ ಅಕಾಡೆಮಿ 2020ರಲ್ಲಿ ಮೊದಲ ಪ್ರಶಸ್ತಿ ಕೊಟ್ಟಿತು. ನಮ್ಮ ಕರಾವಳಿಯ ಭಾಷೆಗಳಿಗೆ ಇಂಥದ್ದೊಂದು ಬೇಕು ಅಂತ ನನಗೂ ತುಂಬಾ ಸಲ ಅನಿಸಿದೆ.

ಸಣ್ಣ ಊರಿನ ಒಂಬತ್ತು ಜನ ಕೊಟ್ಟರೆ ಯಾರು ಕೇಳುತ್ತಾರೆ ಅಂತ ಮನಸ್ಸಿಗೆ ಬರಬಹುದು. ಅದಕ್ಕೆ ಒಂದು ಕತೆ. 1985ರಲ್ಲಿ ಟೆರ್ರಿ ಗಿಲಿಯಂ ಅವರ ‘ಬ್ರೆಜಿಲ್’ ಸಿನಿಮಾವನ್ನು ಅಮೆರಿಕದಲ್ಲಿ ಸ್ಟುಡಿಯೋದವರು ಬಿಡುಗಡೆ ಮಾಡದೆ ಇಟ್ಟುಕೊಂಡಿದ್ದರು. ಕತ್ತರಿಸಬೇಕು, ಕೊನೆ ಬದಲಿಸಬೇಕು ಅಂತ ಹಠ. ಲಾಸ್ ಏಂಜಲೀಸಿನ ವಿಮರ್ಶಕರ ಸಂಘಕ್ಕೆ ಆಗ ಬರೀ ಹತ್ತು ವರ್ಷ. ಅವರು ಖಾಸಗಿಯಾಗಿ ಆ ಸಿನಿಮಾ ನೋಡಿ ಅತ್ಯುತ್ತಮ ಚಿತ್ರ, ನಿರ್ದೇಶನ, ಚಿತ್ರಕಥೆ ಮೂರನ್ನೂ ಅದಕ್ಕೇ ಕೊಟ್ಟುಬಿಟ್ಟರು. ಸ್ಟುಡಿಯೋ ಕೊನೆಗೂ ಬಿಡುಗಡೆ ಮಾಡಿತು. ಆ ಸಂಘದ ಕೈಯಲ್ಲಿ ಹಣ ಇರಲಿಲ್ಲ, ಅಧಿಕಾರ ಇರಲಿಲ್ಲ. ನೋಡಿದ್ದೇವೆ, ಇದು ಒಳ್ಳೆಯದು ಅನ್ನುವ ಮಾತು ಮಾತ್ರ ಇತ್ತು.

ಈಗ ಮತದ ಲೆಕ್ಕ. ಅಮೆರಿಕದಲ್ಲೇ 1966ರಲ್ಲಿ ಇನ್ನೊಂದು ಸಂಘ ಹುಟ್ಟಿತು. ನ್ಯೂಯಾರ್ಕಿನ ಹಳೆಯ ಸಂಘ ದಿನಪತ್ರಿಕೆಯವರದ್ದು. ಅಲ್ಲಿ ಜಾಗ ಸಿಗದ ಮ್ಯಾಗಜೀನ್ ಬರಹಗಾರರು ತಮ್ಮದೇ ಮಾಡಿಕೊಂಡರು. ಯೂಟ್ಯೂಬಿನವರನ್ನು ಸೇರಿಸಬೇಕಾ ಬೇಡವಾ ಅಂತ ನಿಮ್ಮಲ್ಲಿ ಜಗಳ ಬಂದರೆ ಇದನ್ನು ನೆನಪು ಮಾಡಿಕೊಳ್ಳಿ. ಅವರ ಮತದ ಕ್ರಮ ನನಗೆ ಬಹಳ ಇಷ್ಟ. ಪ್ರತಿಯೊಬ್ಬರೂ ಚೀಟಿಯಲ್ಲಿ ಮೂರು ಹೆಸರು ಬರೆಯಬೇಕು. ಮೊದಲನೆಯದಕ್ಕೆ 3 ಅಂಕ, ಎರಡನೆಯದಕ್ಕೆ 2, ಮೂರನೆಯದಕ್ಕೆ 1. ಹೆಚ್ಚು ಅಂಕ ಬಂದರೆ ಸಾಲದು, ಅರ್ಧಕ್ಕಿಂತ ಜಾಸ್ತಿ ಚೀಟಿಗಳಲ್ಲಿ ಆ ಹೆಸರು ಇರಬೇಕು. ಇಲ್ಲದಿದ್ದರೆ ಮತ್ತೊಂದು ಸುತ್ತು.

ಯಾಕೆ ಅಂತ ನಿಮ್ಮ ಒಂಬತ್ತು ಜನರ ಲೆಕ್ಕದಲ್ಲೇ ನೋಡು. ಒಂದು ಸಿನಿಮಾಕ್ಕೆ ನಾಲ್ಕು ಗೆಳೆಯರು ಸೇರಿ ತಲಾ 3 ಕೊಟ್ಟರು, 12 ಆಯಿತು. ಉಳಿದ ಐವರು ಅದನ್ನು ಬರೆಯಲೇ ಇಲ್ಲ. ಇನ್ನೊಂದು ಸಿನಿಮಾ ಏಳು ಚೀಟಿಯಲ್ಲಿ ಇದೆ. ನಾಲ್ವರು 2 ಕೊಟ್ಟರು, ಮೂವರು 1 ಕೊಟ್ಟರು, ಒಟ್ಟು 11. ಬರೀ ಅಂಕ ನೋಡಿದರೆ ನಾಲ್ಕು ಗೆಳೆಯರ ಸಿನಿಮಾ ಗೆದ್ದಿತು. ಅರ್ಧದ ನಿಯಮ ಇದ್ದರೆ ಅದು ಗೆಲ್ಲುವುದಿಲ್ಲ, ಯಾಕೆಂದರೆ ನಾಲ್ಕೇ ಚೀಟಿ. ಎಲ್ಲರೂ ಮತ್ತೆ ಕೂತು ಮಾತಾಡಬೇಕು. ಆ ಮಾತುಕತೆಯೇ ಮುಖ್ಯ ಕಣಮ್ಮ.

ಲೆಕ್ಕವನ್ನು ಹಾಗೇ ಪ್ರಕಟಿಸಿ. ಯಾರಿಗೆ ಎಷ್ಟು ಅಂಕ, ಎರಡನೆಯವರು ಯಾರು, ಎಲ್ಲ. ಮುಚ್ಚಿಟ್ಟರೆ ಮಾತು ಹುಟ್ಟುತ್ತದೆ.

ದುಡ್ಡು ಬೇಡವೇ ಬೇಡ. ವಿಮರ್ಶಕರ ಅಂತಾರಾಷ್ಟ್ರೀಯ ಒಕ್ಕೂಟ ಫಿಪ್ರೆಸ್ಕಿ 1930ರಿಂದ ಇದೆ. ದೊಡ್ಡ ದೊಡ್ಡ ಚಿತ್ರೋತ್ಸವಗಳಲ್ಲಿ ಅವರು ಕೊಡುವುದು ಒಂದು ಪ್ರಮಾಣಪತ್ರ. ಅದಕ್ಕೇ ಎಷ್ಟು ಬೆಲೆ! ನಿರ್ಮಾಪಕರಿಂದ, ಥಿಯೇಟರಿನವರಿಂದ ಒಂದು ಹೂಗುಚ್ಛ ಕೂಡ ತೆಗೆದುಕೊಳ್ಳಬೇಡಿ. ನಮ್ಮ ಊರಿನಲ್ಲಿ ಎಲ್ಲರೂ ಎಲ್ಲರಿಗೂ ಭಾವ ಅಥವಾ ಕ್ಲಾಸ್‌ಮೇಟ್. ಹಾಡು ಬರೆದಿದ್ದರೆ, ಸಣ್ಣ ಪಾತ್ರ ಮಾಡಿದ್ದರೆ, ತಮ್ಮನದ್ದೋ ಭಾವನದ್ದೋ ಸಿನಿಮಾ ಆಗಿದ್ದರೆ ಮೊದಲೇ ಹೇಳಿ, ಆ ವಿಭಾಗದ ಚೀಟಿ ಹಾಕಬಾರದು. ಇದನ್ನು ಬರೆದಿಡಿ. ಬಾಯಿಮಾತಿನಲ್ಲಿ ಬಿಟ್ಟರೆ ಎರಡನೇ ವರ್ಷಕ್ಕೆ ಮರೆಯುತ್ತದೆ.

ಮಂಜೊಟ್ಟಿ, ಕಾರ್ಕಳ

ಅಕ್ಕ, ನಾನು ವಿಮರ್ಶಕ ಅಲ್ಲ. ನಮ್ಮದು ಕೋಣ ಸಾಕುವ ಮನೆ. ಸಿನಿಮಾ ಇಷ್ಟ, ಇಲ್ಲಿ ಎಲ್ಲ ಓದುತ್ತೇನೆ. ಎಷ್ಟು ಪ್ರಶಸ್ತಿ ಇಡುವುದು ಅಂತ ಕೇಳಿದಿರಲ್ಲ, ಕಂಬಳದಲ್ಲಿ ಇದಕ್ಕೆ ದಾರಿ ಉಂಟು.

ಹಗ್ಗ, ನೇಗಿಲು, ಅಡ್ಡಹಲಗೆ, ಇದರಲ್ಲೆಲ್ಲ ಜೋಡಿಗೆ ಜೋಡಿ ಸ್ಪರ್ಧೆ. ಕೊನೆಗೆ ಪ್ರಥಮ, ದ್ವಿತೀಯ ಅಂತ ಆಗಲೇಬೇಕು. ಕನೆಹಲಗೆ ಬೇರೆ. ಅಲ್ಲಿ ಕೋಣ ಓಡುವಾಗ ಹಲಗೆಯಿಂದ ಚಿಮ್ಮುವ ನೀರು ಮೇಲೆ ಕಟ್ಟಿದ ನಿಶಾನೆಗೆ ಹಾಯಬೇಕು. ಆರೂವರೆ ಕೋಲು, ಏಳೂವರೆ ಕೋಲು ಅಂತ ಎತ್ತರ ಗೊತ್ತು ಮಾಡಿರುತ್ತಾರೆ. ನಾಲ್ಕು ಜೋಡಿ ಹಾಯಿಸಿದರೆ ನಾಲ್ಕಕ್ಕೂ ಸಮಾನ ಬಹುಮಾನ. ಒಂದೂ ಹಾಯಿಸದಿದ್ದರೆ ಆ ದಿನ ಯಾರಿಗೂ ಇಲ್ಲ. ಕೋಣದ ಯಜಮಾನ ಎಷ್ಟು ದೊಡ್ಡವನಾದರೂ ನೀರು ಹಾಯದಿದ್ದರೆ ಹಾಯಲಿಲ್ಲ, ಅಷ್ಟೆ. ಸಾವಿರಾರು ಕಣ್ಣು ನೋಡಿರುತ್ತದೆ.

ನೀವೂ ಹಾಗೆ ಮಾಡಿ. ಏಳು ಸಿನಿಮಾ ಬಂದ ವರ್ಷ ಹದಿನೈದು ಪ್ರಶಸ್ತಿ ಇಟ್ಟರೆ ಎಲ್ಲರಿಗೂ ಒಂದೊಂದು ಹಂಚಿದ ಹಾಗೆ ಆಗುತ್ತದೆ. ಒಂದು ಎತ್ತರ ಇಡಿ. ಹಾಯಿಸಿದವರಿಗೆ ಕೊಡಿ. ಯಾರೂ ಹಾಯಿಸದಿದ್ದರೆ ಈ ವರ್ಷ ಈ ವಿಭಾಗದಲ್ಲಿ ಇಲ್ಲ ಅಂತ ಬರೆಯಿರಿ. ಸಿನಿಮಾದವರಿಗೆ ಬೇಜಾರಾಗಬಹುದು. ಮುಂದಿನ ವರ್ಷ ಹಾಯಿಸಿದಾಗ ಅದರ ಖುಷಿ ಬೇರೆಯೇ ಇರುತ್ತದೆ.

ಮತ್ತೊಂದು. ಕಂಬಳದ ಫಲಿತಾಂಶ ಪೇಪರಿನಲ್ಲಿ ನೋಡಿದ್ದೀರಲ್ಲ. ಯಜಮಾನರ ಹೆಸರಿನ ಕೆಳಗೆ ‘ಕೋಣ ಓಡಿಸಿದವರು’ ಅಂತ ಓಟಗಾರನ ಹೆಸರು ಇರುತ್ತದೆ. ಹಲಗೆಯಲ್ಲಾದರೆ ‘ಹಲಗೆ ಮುಟ್ಟಿದವರು’ ಅಂತ. ನಮ್ಮ ಮನೆಗೆ ಪದಕ ಬಂದಾಗ ನನ್ನ ಅಪ್ಪ ಮೊದಲು ತೋರಿಸುವುದು ಆ ಎರಡನೇ ಹೆಸರನ್ನು. ಸಿನಿಮಾದಲ್ಲಿಯೂ ಓಡಿಸಿದವರ ಹೆಸರು ಬರೆಯಿರಿ.

ಬೂಮ್ ಹಿಡಿಯುವವ, ಸುರತ್ಕಲ್

ಮಂಜೊಟ್ಟಿಯವರ ಕೊನೆಯ ಮಾತಿಗೆ ನನ್ನದೂ ಒಂದು ಸೇರಿಸುತ್ತೇನೆ. ನಾನು ಸೌಂಡ್ ವಿಭಾಗದಲ್ಲಿ ಕೆಲಸ ಮಾಡುವವನು. ಸತ್ಯ ಹೇಳಬೇಕಾದರೆ ನಮ್ಮ ಕಡೆಯ ವಿಮರ್ಶೆಗಳ ಮೇಲೆ ನನಗೆ ಸಿಟ್ಟು ಉಂಟು. ಕತೆ ಚೆನ್ನಾಗಿದೆ, ಕಾಮಿಡಿ ಚೆನ್ನಾಗಿದೆ, ಛಾಯಾಗ್ರಹಣ ಕಣ್ಣಿಗೆ ಹಬ್ಬ. ಸೌಂಡಿನ ಬಗ್ಗೆ ಒಂದು ಅಕ್ಷರ ಇಲ್ಲ.

ಮಲ್ಪೆ ಮೀನುಗಾರಿಕೆ ಬಂದರಿನ ಧಕ್ಕೆಯಲ್ಲಿ ಒಂದು ಸೀನು ಲೈವ್ ರೆಕಾರ್ಡ್ ಮಾಡಬೇಕಾದರೆ ಎಷ್ಟು ಕಷ್ಟ ಗೊತ್ತುಂಟಾ? ಬೋಟಿನ ಇಂಜಿನ್, ಐಸ್ ಪುಡಿ ಮಾಡುವ ಮಿಷನ್, ಕಾಗೆ, ಗಾಳಿ. ಮೀನು ಹರಾಜು ಕೂಗುವವರನ್ನು ಸ್ವಲ್ಪ ನಿಲ್ಲಿಸಿ ಅನ್ನಲಿಕ್ಕಾಗುವುದಿಲ್ಲ, ಅದು ಅವರ ಹೊಟ್ಟೆಪಾಡು. ಅದರ ನಡುವೆ ನಟನ ಉಸಿರು ಹಿಡಿಯಬೇಕು. ಬಜೆಟ್ ಇಲ್ಲದ ಕಾರಣ ತುಂಬಾ ಸಿನಿಮಾಗಳಲ್ಲಿ ಕೊನೆಗೆ ಡಬ್ಬಿಂಗ್ ಮಾಡುತ್ತಾರೆ. ಆಗ ಬೆಳ್ತಂಗಡಿ ಕಡೆಯ ತುಳು ಮಾತಾಡಿದವನ ಬಾಯಿಗೆ ಮಂಗಳೂರು ಪೇಟೆಯ ತುಳು ಬಂದು ಕೂರುತ್ತದೆ. ಊರಿನ ರುಚಿಯೇ ಹೋಯಿತು. ಇದನ್ನು ಗುರುತಿಸಬಲ್ಲವರು ಈ ಎರಡು ಜಿಲ್ಲೆಯ ವಿಮರ್ಶಕರೇ ತಾನೆ? ಬೆಂಗಳೂರಿನವರಿಗೆ ಗೊತ್ತಾಗುವುದಿಲ್ಲ.

ನನ್ನದು ಒಂದೇ ಬೇಡಿಕೆ. ಮೊಬೈಲಿನಲ್ಲಿ ಲಿಂಕ್ ಹಾಕಿ ನೋಡಿ ನಮ್ಮ ಕೆಲಸಕ್ಕೆ ಅಂಕ ಕೊಡಬೇಡಿ. ನಾವು ಥಿಯೇಟರಿಗೆ ಅಂತ ಮಿಕ್ಸ್ ಮಾಡಿದ್ದು. ಥಿಯೇಟರಿನಲ್ಲೇ ನೋಡಿ. ತಪ್ಪಿಹೋದರೆ ಒಳ್ಳೆಯ ಸ್ಪೀಕರ್ ಇರುವ ಕಡೆ ಎಲ್ಲರೂ ಒಟ್ಟಿಗೆ ಕೂತು ನೋಡಿ.

ಸಂತೆಕಟ್ಟೆ ಟಾಕೀಸು, ಉಡುಪಿ

ಸರ್, ನಿಮ್ಮ ಉತ್ತರವನ್ನು ಎರಡು ಸಲ ಓದಿದೆ. 12ಕ್ಕೆ 11ರ ಲೆಕ್ಕವನ್ನು ನಮ್ಮ ಒಂಬತ್ತು ಜನರ ಗುಂಪಿಗೆ ಹಾಕಿದೆ. ಮೊದಲು ಎಲ್ಲರೂ ಜಾಸ್ತಿ ಅಂಕ ಬಂದವರೇ ಗೆಲ್ಲಬೇಕು ಅಂದರು. ಚೀಟಿ ಬರೆದು ತೋರಿಸಿದ ಮೇಲೆ ಒಪ್ಪಿದರು.

ಮಂಜೊಟ್ಟಿಯವರೇ, ನಿಮ್ಮ ನಿಶಾನೆಯ ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ. ನಮ್ಮ ಮನೆಯಿಂದಲೂ ಕಂಬಳಕ್ಕೆ ಹೋಗುತ್ತಿದ್ದೆವು. ನೀರು ನಿಶಾನೆಗೆ ಹಾಯ್ದಾಗ ಆ ಜನರ ಕೂಗು ನನಗೆ ಈಗಲೂ ಕೇಳಿಸುತ್ತದೆ. ಯಾವ ತೀರ್ಪುಗಾರನೂ ವಿವರಿಸಿ ಹೇಳಬೇಕಾಗಿಲ್ಲ.

ಬೂಮ್ ಅಣ್ಣ, ನಿಮ್ಮ ಸಿಟ್ಟು ನ್ಯಾಯದ್ದು. ನಿನ್ನೆ ನನ್ನ ಹಳೆಯ ವಿಮರ್ಶೆಗಳ ಫೈಲು ತೆಗೆದು ನೋಡಿದೆ. 11 ವರ್ಷದಲ್ಲಿ ಶಬ್ದದ ಬಗ್ಗೆ ಬರೆದದ್ದು ಮೂರೇ ಕಡೆ. ಅದರಲ್ಲಿ ಎರಡು ‘ಹಿನ್ನೆಲೆ ಸಂಗೀತ ಜೋರಾಯಿತು’ ಅಂತ. ಆ ಬೀಡಿಯ ದೃಶ್ಯದಲ್ಲಿ ಎಲೆ ಹರಿಯುವ ಸದ್ದು ಥಿಯೇಟರಿನಲ್ಲಿ ಸ್ಪಷ್ಟವಾಗಿ ಕೇಳಿಸಿತ್ತು. ಯಾರೋ ಅದನ್ನು ಮನಸ್ಸಿಟ್ಟು ಹಿಡಿದಿದ್ದಾರೆ. ಅವರ ಹೆಸರು ಯಾವುದು ಅಂತ ನಾನು ನೋಡಲೇ ಇಲ್ಲ. ಶೀರ್ಷಿಕೆ ಓಡುವಾಗ ಬಸ್ಸು ತಪ್ಪುತ್ತದೆ ಅಂತ ಎದ್ದು ಬಂದೆ. ಇನ್ನು ಮುಂದೆ ಕೂತು ನೋಡುತ್ತೇನೆ.

ಕೂಳೂರು ಸೇತುವೆ

ಅಕ್ಕ, ಎಲ್ಲರೂ ತುಳು ತುಳು ಅನ್ನುತ್ತಿದ್ದೀರಿ. ಕರಾವಳಿ ಅಂತ ಹೆಸರಿಟ್ಟರೆ ನಮ್ಮನ್ನು ಮರೆಯಬೇಡಿ. ನನ್ನ ಮನೆಮಾತು ಬ್ಯಾರಿ. 2011ರ ಸಾಲಿನ ರಾಷ್ಟ್ರಪ್ರಶಸ್ತಿಯಲ್ಲಿ ‘ಬ್ಯಾರಿ’ ಅನ್ನುವ ಸಿನಿಮಾ ಒಂದು ಮರಾಠಿ ಸಿನಿಮಾದ ಜತೆ ಸ್ವರ್ಣಕಮಲ ಹಂಚಿಕೊಂಡಿತು. ಇಡೀ ದೇಶದ ಅತ್ಯುತ್ತಮ ಚಿತ್ರ! ಆ ದಿನ ನಮ್ಮ ಮನೆಯಲ್ಲಿ ಟಿವಿ ಮುಂದೆ ಅಜ್ಜಿ ಕೂಡ ಕೂತಿದ್ದರು. ನಮ್ಮ ಮಾತಿನಲ್ಲಿಯೂ ಸಿನಿಮಾ ಮಾಡುತ್ತಾರಾ ಅಂತ ಕೇಳಿದರು. ಕೊಂಕಣಿ 1992ರಿಂದ ಎಂಟನೇ ಪರಿಚ್ಛೇದದಲ್ಲಿ ಉಂಟು. ಹಾಗಾಗಿ ರಾಷ್ಟ್ರಪ್ರಶಸ್ತಿಯ ಕೊಂಕಣಿ ವಿಭಾಗದಲ್ಲಿ ಗೋವಾದ ಸಿನಿಮಾಗಳ ಜತೆಯಲ್ಲಿ ಮಂಗಳೂರಿನ ಕೊಂಕಣಿ ಸಿನಿಮಾ ಸ್ಪರ್ಧೆ ಮಾಡಬೇಕು. ಅದು ಬೇರೆಯೇ ಕಷ್ಟ.

ನನ್ನ ಪ್ರಶ್ನೆ: ಒಂಬತ್ತು ಜನರಲ್ಲಿ ಬ್ಯಾರಿ ಗೊತ್ತಿರುವವರು ಎಷ್ಟು? ಸಬ್‌ಟೈಟಲ್ ಓದಿ ನೋಡಬಹುದು, ಸರಿ. ಆದರೆ ಸಂಭಾಷಣೆಗೆ ಪ್ರಶಸ್ತಿ ಕೊಡುವಾಗ ಏನು ಮಾಡುತ್ತೀರಿ? ಬೂಮ್ ಅಣ್ಣ ಹೇಳಿದ ಬೆಳ್ತಂಗಡಿ ತುಳುವಿನ ಹಾಗೆ ನಮ್ಮಲ್ಲಿಯೂ ಊರಿಗೊಂದು ಮಾತು ಉಂಟು. ಮತ ಹಾಕುವ ಮೊದಲು ಆ ಭಾಷೆಯ ಇಬ್ಬರನ್ನಾದರೂ ಕೂರಿಸಿಕೊಂಡು ಕೇಳಿ. ಅವರಿಗೆ ಮತ ಇಲ್ಲದಿದ್ದರೂ ಪರವಾಗಿಲ್ಲ. ನಾನು ಬರಲು ತಯಾರಿದ್ದೇನೆ.

ಕುಂದಾಪ್ರ ಕನ್ನಡದ ಸಿನಿಮಾಗಳನ್ನು ಏನು ಮಾಡುತ್ತೀರಿ ಅಂತಲೂ ಯೋಚಿಸಿ. ದೊಡ್ಡ ಬಜೆಟಿನ ಕನ್ನಡ ಸಿನಿಮಾ ಇಲ್ಲಿ ಶೂಟಿಂಗ್ ಆಯಿತು ಅಂತ ಸೇರಿಸಿದರೆ ಸಣ್ಣವರು ಎಲ್ಲಿ ನಿಲ್ಲುತ್ತಾರೆ?

ಲೆಕ್ಕಪತ್ರ, ಬ್ರಹ್ಮಾವರ

ನಾನು ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುವುದು. ಸಂಘ ನೋಂದಣಿ ಮಾಡಬೇಕಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಅಡಿಯಲ್ಲಿ ಕನಿಷ್ಠ 7 ಜನ ಬೇಕು. ಬೈಲಾ, ಪದಾಧಿಕಾರಿಗಳ ಪಟ್ಟಿ, ಪ್ರತಿ ವರ್ಷ ಮಹಾಸಭೆ, ಲೆಕ್ಕಪತ್ರ ಸಲ್ಲಿಸುವುದು, ಎಲ್ಲ ಉಂಟು. ಉತ್ಸಾಹದಲ್ಲಿ ನೋಂದಣಿ ಮಾಡಿ ನಾಲ್ಕು ವರ್ಷ ಲೆಕ್ಕ ಕೊಡದೆ ನಮ್ಮಲ್ಲಿಗೆ ಓಡಿ ಬರುವ ಸಂಘಗಳನ್ನು ತುಂಬಾ ನೋಡಿದ್ದೇನೆ. ನೀವು ದುಡ್ಡು ಮುಟ್ಟುವುದಿಲ್ಲ ಅಂದರೆ ಮೊದಲ ಎರಡು ವರ್ಷ ಸುಮ್ನೆ ಗೆಳೆಯರ ಕೂಟವಾಗಿ ನಡೆಸಿ. ಒಂದು ನೋಟ್‌ಬುಕ್ಕಿನಲ್ಲಿ ಸಭೆಯ ನಿರ್ಣಯ ಬರೆದು ಎಲ್ಲರೂ ಸಹಿ ಹಾಕಿ. ನಿಂತಿತು ಅಂತ ಗೊತ್ತಾದ ಮೇಲೆ ನೋಂದಣಿ. ಆಗ ಅರ್ಜಿ ನಾನೇ ತುಂಬಿಕೊಡುತ್ತೇನೆ.

ಸಂತೆಕಟ್ಟೆ ಟಾಕೀಸು, ಉಡುಪಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೂರು ವಾರದಲ್ಲಿ ಏನೆಲ್ಲ ಆಯಿತು ಅಂತ ಹೇಳುತ್ತೇನೆ.

ನಾವು ಒಂಬತ್ತು ಜನ ಎರಡು ಸಲ ಸೇರಿದೆವು. ಮೊದಲ ವರ್ಷ ನಾಲ್ಕೇ ಪ್ರಶಸ್ತಿ: ಚಿತ್ರ, ನಿರ್ದೇಶನ, ನಟನೆ, ಮತ್ತೆ ತೆರೆಯ ಹಿಂದಿನ ಒಂದು ಕೆಲಸ. ನಟನೆಯಲ್ಲಿ ನಾಯಕ, ನಾಯಕಿ, ಪೋಷಕ ಅಂತ ಬೇರೆ ಮಾಡಿಲ್ಲ. ಎರಡು ದೃಶ್ಯ ಮಾಡಿದವರಿಗೂ ಬರಬಹುದು. ನಿಶಾನೆ ಹಾಯದಿದ್ದರೆ ಆ ವಿಭಾಗ ಖಾಲಿ. ತುಳು, ಕೊಂಕಣಿ, ಬ್ಯಾರಿ ಮೂರೂ ಒಂದೇ ಪಟ್ಟಿಯಲ್ಲಿ. ಕುಂದಾಪ್ರ ಕನ್ನಡದ ಬಗ್ಗೆ ಒಮ್ಮತ ಆಗಲಿಲ್ಲ, ಕುಂದಾಪುರದ ಇಬ್ಬರು ಸದಸ್ಯರು ಇನ್ನೂ ಸಿಟ್ಟಿನಲ್ಲಿದ್ದಾರೆ. ಅದನ್ನು ಮುಂದಿನ ಸಭೆಗೆ ಇಟ್ಟಿದ್ದೇವೆ. ಪ್ರಶಸ್ತಿ ಇರಲಿ ಇಲ್ಲದಿರಲಿ, ಆ ವರ್ಷ ಬಂದ ಪ್ರತಿ ಸಿನಿಮಾದ ಪೂರ್ತಿ ತಂಡದ ಹೆಸರು, ಎಲ್ಲಿ ಎಷ್ಟು ದಿನ ಓಡಿತು ಅನ್ನುವುದನ್ನು ಬರೆದಿಡುವುದು ಅಂತ ಎಲ್ಲರೂ ಒಪ್ಪಿದರು. ನನ್ನ ಮಟ್ಟಿಗೆ ಪ್ರಶಸ್ತಿಗಿಂತ ಇದು ದೊಡ್ಡದು.

ಕೂಳೂರಿನ ತಂಗಿ, ನೀನು ಬರುವುದು ಸಹಾಯಕ್ಕೆ ಅಲ್ಲ. ಬ್ಯಾರಿ ಸಿನಿಮಾದ ಬಗ್ಗೆ ನೀನು ಮೂರು ಲೇಖನ ಬರೆದು ಕೊಡು, ಹತ್ತನೇ ಸದಸ್ಯೆ ನೀನೇ.

ನಾನು ಸಹಿ ಹಾಕಿದ ಆ ಸಮಾರಂಭದವರಿಗೆ ಪತ್ರ ಬರೆದಿದ್ದೇನೆ. ನೋಡದ ಸಿನಿಮಾಗಳಿಗೆ ಸಹಿ ಹಾಕಿದ್ದೆ, ತೀರ್ಪುಗಾರರ ಪಟ್ಟಿಯಿಂದ ನನ್ನ ಹೆಸರು ತೆಗೆಯಿರಿ ಅಂತ. ಉತ್ತರ ಬಂದಿಲ್ಲ.

ಕೊನೆಗೆ, ಆ ಕಲಾವಿದೆಯನ್ನು ಹುಡುಕಿದೆ. ಕಾಪು ಹತ್ತಿರ ಮನೆ. ಭಾನುವಾರ ಹೋಗಿದ್ದೆ. ಚಾ ಕೊಟ್ಟರು. ಬೀಡಿಯ ದೃಶ್ಯದ ಬಗ್ಗೆ ಹೇಳಿದೆ. ಎಲೆ ಹರಿದದ್ದು ನಿರ್ದೇಶಕರು ಹೇಳಿದ್ದಾ ಅಂತ ಕೇಳಿದೆ. ಇಲ್ಲ, ನಿಜವಾಗಿ ಹರಿಯಿತು, ಒಣಗಿದ ಎಲೆ ಕೊಟ್ಟಿದ್ದರು, ಹರಿದ ಮೇಲೆ ನಿಲ್ಲಿಸುವುದು ಯಾಕೆ ಅಂತ ಮುಂದುವರಿಸಿದೆ ಅಂದರು. ಆಮೇಲೆ ತೆರೆಯ ಮೇಲೆ ಅದು ಹೇಗೆ ಕಾಣುತ್ತದೆ ಅಂತ ನನ್ನನ್ನೇ ಕೇಳಿದರು. ಅವರು ಆ ಸಿನಿಮಾ ನೋಡಿಯೇ ಇಲ್ಲ. ಆ 12 ದಿನ ಅವರ ನಾಟಕ ತಂಡಕ್ಕೆ ಪ್ರತಿ ರಾತ್ರಿ ಪ್ರದರ್ಶನ ಇತ್ತು.

ಅದು ಎರಡು ವರ್ಷದ ಹಿಂದಿನ ಸಿನಿಮಾ, ನಮ್ಮ ಪ್ರಶಸ್ತಿಗೆ ಬರುವುದಿಲ್ಲ. ಆದರೂ ನಿರ್ಮಾಪಕರಿಗೆ ಫೋನ್ ಮಾಡಿದೆ. ಪ್ರತಿ ಕೊಡುತ್ತೇನೆ ಅಂದರು. ನಮ್ಮ ಮೊದಲ ಕಾರ್ಯಕ್ರಮ ಅದರ ಪ್ರದರ್ಶನ. ಬೂಮ್ ಅಣ್ಣ, ಸ್ಪೀಕರಿನ ವ್ಯವಸ್ಥೆ ನಿಮ್ಮದು ಅಂತ ನಿಮ್ಮನ್ನು ಕೇಳದೆ ಬರೆದುಕೊಂಡಿದ್ದೇನೆ. ಮಂಗಳವಾರ ಇಟ್ಟಿದ್ದೇವೆ, ಅವರಿಗೆ ಅವತ್ತು ನಾಟಕ ಇಲ್ಲ. ಕಾಪುವಿನಿಂದ ಕರೆದುಕೊಂಡು ಬರಲು ನನ್ನ ಅಣ್ಣನ ರಿಕ್ಷಾ ಉಂಟು.

ಚೀಟಿ ಹಾಕುವ ಸಭೆ ಜನವರಿಯ ಮೊದಲ ಭಾನುವಾರ ಮಧ್ಯಾಹ್ನ 3 ಗಂಟೆಗೆ, ಅಜ್ಜರಕಾಡಿನ ಭುಜಂಗ ಪಾರ್ಕಿನಲ್ಲಿ. ಎಣಿಸುವುದನ್ನು ನೋಡಲು ಯಾರು ಬೇಕಾದರೂ ಬರಬಹುದು. ಟಿಕೆಟ್ ತುಂಡುಗಳನ್ನು ಲಕೋಟೆಗೆ ಹಾಕಿ ಬಿಸ್ಕೆಟ್ ಡಬ್ಬ ಖಾಲಿ ಮಾಡಿದ್ದೇನೆ. ಚೀಟಿ ಅದರಲ್ಲೇ ಹಾಕೋಣ.